ಇನ್ನೂ ಆರು ವರ್ಷ ಬಾಳುವ ಕಾರ್ಡು

ವೊಂಜು
ನವೆಂಬರ್ ೧೬, ಭಾನುವಾರ

ಪ್ರೀತಿಯ ಇನ್‌ಹೋ,

ಹೇಗಿದ್ದೀಯಪ್ಪ? ಹಿಮ್ಮಡಿಯ ಬೊಬ್ಬೆ ಒಣಗಿತೇ? ಸೈನ್ಯದ ಬೂಟು ಕಚ್ಚಿ ಕಚ್ಚಿಯೇ ಒಗ್ಗುವುದು ಎಂದು ನಿಮ್ಮಪ್ಪ ಹೇಳುತ್ತಿದ್ದರು; ಅವರಿಗೆ ಒಗ್ಗುವಷ್ಟರಲ್ಲಿ ಕಡ್ಡಾಯ ಸೇವೆಯ ಅವಧಿಯೇ ಮುಗಿದಿತ್ತಂತೆ. ತರಬೇತಿ ಶಿಬಿರದವರು ಹಾಕಿದ್ದ ಫೋಟೋ ನೋಡಿದೆ. ತಲೆ ಬೋಳಿಸಿದ ಮೇಲೆಯೇ ನಿನ್ನ ಕಿವಿ ಅಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು. ಹೊಟ್ಟೆ ತುಂಬ ಊಟ ಹಾಕುತ್ತಾರೆಯೇ? ಚಿಕ್ಕಮ್ಮ ಈ ಸಲದ ಕಿಮ್ಚಿ ಕಳಿಸಿದ್ದಾಳೆ, ಉಪ್ಪು ಸ್ವಲ್ಪ ಮುಂದಾಗಿದೆ. ನಿನ್ನ ಪಾಲಿನ ಡಬ್ಬಿ ಮುಚ್ಚಿಟ್ಟಿದ್ದೇನೆ, ಹುಳಿಯಾದಷ್ಟೂ ನಿನಗೆ ಇಷ್ಟವಲ್ಲವೇ. ನನ್ನ ಸೊಂಟ ಹಾಗೆಯೇ ಇದೆ. ಅದರ ಸುದ್ದಿ ಬೇಡ.

ಅಂಗಡಿಯ ಸುದ್ದಿ ಹೇಳುತ್ತೇನೆ. ಎದುರಿನ ಕಟ್ಟಡದಲ್ಲಿ ನಮ್ಮದರಂಥದೇ ಹೊಸ ಗೇಮ್ ಪಾರ್ಲರ್ ತೆರೆದಿದೆ. ಕುರ್ಚಿಗಳು ವಿಮಾನದಂಥವು, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ಈ ವರ್ಷದವು. ಹೈಸ್ಕೂಲು ಹುಡುಗರೆಲ್ಲ ಅಲ್ಲಿಗೇ ಹೋದರು. ನಮ್ಮಲ್ಲಿ ಉಳಿದವರು ಹಳೇ ಗಿರಾಕಿಗಳು, ನನ್ನ ಕೈಯ ರಾಮ್ಯೊನ್ ನೂಡಲ್ಸ್ ಬಿಟ್ಟಿರಲಾರದವರು. ಟ್ಯಾಕ್ಸಿ ಓಡಿಸುವ ಪ್ಯೊನ್ ಮಾತ್ರ ಪಾಳಿ ಮುಗಿದೊಡನೆ ಬಂದು ಕೂರುತ್ತಾನೆ. ಮೊನ್ನೆ ಹೆಡ್‌ಫೋನ್ ಕಿತ್ತಿಟ್ಟು, “ಅಕ್ಕಾ, ನಿಮ್ಮ ಕಂಪ್ಯೂಟರಲ್ಲಿ ನಾನು ಗುಂಡು ಹೊಡೆಯೋಷ್ಟರಲ್ಲಿ ಎದುರಿನವನು ನನ್ನ ಕೊಂದು, ಮಣ್ಣು ಮಾಡಿ, ತಿಥಿ ಊಟಾನೂ ಮುಗಿಸಿರ್ತಾನೆ” ಎಂದ. ನಗು ಬಂತು. ಆದರೆ ಅದು ನಿಮ್ಮ ದೊಡ್ಡಪ್ಪನ ಕಿವಿಗೂ ಬಿತ್ತು. ಕಟ್ಟಡ ಅವರದು, ಅಂಗಡಿಯ ಪರವಾನಗಿ ಅವರ ಹೆಸರಿನದು. ನಿಮ್ಮಪ್ಪ ಹೋದ ಮೇಲೆ ನನ್ನ ಹಗಲು ರಾತ್ರಿಗಳೂ ಅವರ ಲೆಕ್ಕಕ್ಕೇ ಸೇರಿವೆ.

ಗುರುವಾರ ಅವರು ಸೋಲ್‌ನಿಂದ ಒಬ್ಬ ಕಾರ್ಡ್ ವ್ಯಾಪಾರಿಯನ್ನು ಕರೆತಂದರು. ಕುಕ್ ಎಂದು ಹೆಸರು, ವಿನಯವಂತ, ಬಂದವನೇ ಬೂಟಿನ ಕೆಸರು ಒರೆಸಿಕೊಂಡ. ಏಳನೇ ಕಂಪ್ಯೂಟರಿನಲ್ಲಿ ನಮ್ಮ ಹಳೆಯ 1060 ಕಾರ್ಡನ್ನು ಹಾಗೇ ಬಿಟ್ಟು, ಎಂಟರಲ್ಲಿ 3060, ಒಂಬತ್ತರಲ್ಲಿ 4060 ಕೂಡಿಸಿದ. “ಇನ್‌ಹೋನ ಅಮ್ಮಾ, ನೀನೇ ನೋಡಿ ಆರಿಸು, ಆಮೇಲೆ ಭಾವ ಕೇಳ್ಲಿಲ್ಲ ಅನ್ಬೇಡ” ಎಂದರು ದೊಡ್ಡಪ್ಪ. ನೀನಿದ್ದರೆ ನಿನಗೇ ಬಿಡುತ್ತಿದ್ದೆ. ಈಗ ನಾನೇ ಮೂರು ಕುರ್ಚಿಗೂ ತಿರುಗಾಡಿ ಒಂದೇ ಆಟದ ಒಂದೇ ಬೀದಿಯಲ್ಲಿ ಓಡಿದೆ. ಹಳೆಯದರಲ್ಲಿ ಹೊಗೆ ಎದ್ದರೆ ಚಿತ್ರ ಮುಗ್ಗರಿಸುತ್ತದೆ. ಹೊಸದರಲ್ಲಿ ಹೊಗೆಯೊಳಗಿನ ಧೂಳಿನ ಕಣವೂ ಕಾಣುತ್ತದೆ, ಚಿತ್ರಗಳು ನೀರಿನಂತೆ ಜಾರುತ್ತವೆ. ಇಷ್ಟಕ್ಕೆ ಮುಗಿದಿದ್ದರೆ ಯಾರಾದರೂ ಹೊಸದನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಆದರೆ ನೀನು ಹೇಳಿಕೊಟ್ಟದ್ದು ನೆನಪಿತ್ತು, ಕೇಳಿದೆ. ಹಳೆಯದರ ಮೆಮೊರಿ ಆರು ಜಿಬಿ, ನಡುವಿನದರದು ಹನ್ನೆರಡು, ಎಲ್ಲಕ್ಕಿಂತ ಹೊಸದರದು ಎಂಟೇ. ಮೆಮೊರಿಯಿಂದ ಚಿಪ್‌ಗೆ ಹೋಗುವ ದಾರಿ ಹಳೆಯ ಎರಡರಲ್ಲೂ ನೂರ ತೊಂಬತ್ತೆರಡು ಬಿಟ್ ಅಗಲ, ಹೊಸದರಲ್ಲಿ ನೂರಿಪ್ಪತ್ತೆಂಟು. “ದಾರಿ ಕಿರಿದಾದ್ರೂ ಚಿಪ್ ಒಳಗೇ ದೊಡ್ಡ ಉಗ್ರಾಣ ಇದೆ ಅಕ್ಕ, ಪದೇ ಪದೇ ಹೊರಗೆ ಹೋಗ್ಬೇಕಿಲ್ಲ” ಎಂದ ಕುಕ್. ಕರೆಂಟು ಹಳೆಯದಕ್ಕೆ ನೂರಿಪ್ಪತ್ತು ವ್ಯಾಟ್, ನಡುವಿನದಕ್ಕೆ ನೂರ ಎಪ್ಪತ್ತು, ಹೊಸದಕ್ಕೆ ನೂರ ಹದಿನೈದು. ಬೇಸಗೆಯಲ್ಲಿ ನಮ್ಮ ಎ.ಸಿ. ಪಡುವ ಪಾಡು ನಿನಗೆ ಗೊತ್ತಲ್ಲ. ಆದರೆ ಹೊಸದು ಕಂಪ್ಯೂಟರಿನ ಮದರ್‌ಬೋರ್ಡಿನ ಜೊತೆ ಎಂಟೇ ಎಳೆಗಳಲ್ಲಿ ಮಾತಾಡುವುದಂತೆ, ಉಳಿದೆರಡು ಹದಿನಾರರಲ್ಲಿ. ನಮ್ಮಂಥ ಹಳೇ ಬೋರ್ಡಿನಲ್ಲಿ ಅದು ಒಮ್ಮೊಮ್ಮೆ ಉಸಿರು ಕಟ್ಟಬಹುದು ಎಂದು ಅವನೇ ಒಪ್ಪಿಕೊಂಡ. ಹೊಸದಾದ ಮಾತ್ರಕ್ಕೆ ಎಲ್ಲದರಲ್ಲೂ ಮೇಲಲ್ಲ, ಹಳೆಯದಾದ ಮಾತ್ರಕ್ಕೆ ಎಲ್ಲದರಲ್ಲೂ ಕೀಳಲ್ಲ. ನನಗೆ ಈ ವಿಷಯ ರುಚಿಸತೊಡಗಿತು ಎಂದರೆ ನೀನು ನಂಬಲಾರೆ.

ಆಗ ದೊಡ್ಡಪ್ಪ ಕೇಳಿದರು, “ಅದೆಲ್ಲ ಇರ್ಲಿ, ಎಷ್ಟು ವರ್ಷ ಬಾಳುತ್ತೆ ಅದು ಹೇಳಪ್ಪ.” ಕುಕ್ ಏಳನೇ ಕಂಪ್ಯೂಟರಿನ ಬೆನ್ನು ತಟ್ಟಿ, “ಇದೇ ಎಂಟು ವರ್ಷ ದುಡಿದಿದೆ ಯಜಮಾನ್ರೆ. ಯಾವುದನ್ನೇ ಹಾಕ್ಸಿ, ಇನ್ನೂ ಆರು ವರ್ಷ ಚಿಂತೆ ಇಲ್ಲ” ಎಂದ. ದೊಡ್ಡಪ್ಪನ ಮುಖ ಅರಳಿತು. “ಸರಿ ಹೋಯ್ತು! ಇನ್‌ಹೋ ಸೈನ್ಯದಿಂದ ಬರೋಷ್ಟರಲ್ಲಿ ಅಂಗಡಿ ಮದುಮಗಳ ಹಾಗಿರುತ್ತೆ. ಬಂದವನೇ ಗಲ್ಲಾದ ಹಿಂದೆ ಕೂತ್ಕೊಳ್ಳಲಿ. ಅಪ್ಪನ ಜಾಗ, ಇನ್ಯಾರು ಕೂರ್ತಾರೆ?”

ನಾನು ಆ ಎರಡು ಕಾರ್ಡುಗಳನ್ನು ನೋಡುತ್ತ ನಿಂತೆ. ಎಂಟು ವರ್ಷದ ಹಿಂದೆ ನಿಮ್ಮಪ್ಪ ಇದೇ 1060ಗಳನ್ನು ಒಂದೊಂದಾಗಿ ಕೂಡಿಸುತ್ತ, ಇವು ಸವೆಯುವಷ್ಟರಲ್ಲಿ ಇಲ್ಲಿಂದ ಹೊರಟುಬಿಡೋಣ, ಎಲ್ಲಾದರೂ ಸಮುದ್ರದ ಪಕ್ಕ ಇರೋಣ ಎಂದಿದ್ದರು. ಅವೇ ಬಾಳಿದವು. ನೀನು ಅರಣ್ಯಶಾಸ್ತ್ರದ ಒಂದು ವರ್ಷ ಮುಗಿಸಿ, ಅಪ್ಪನ ಕಾರ್ಯಕ್ಕೆಂದು ಬಂದವನು ಚುನ್‌ಚನ್‌ಗೆ ಓದಲು ಮರಳಿ ಹೋಗಲೇ ಇಲ್ಲ. ಹೋಗು ಎಂದು ನಾನು ಹೇಳಿದಾಗಲೆಲ್ಲ ನೀನು ಯಾವುದೋ ಕಂಪ್ಯೂಟರಿನ ಫ್ಯಾನು ಬಿಚ್ಚಿ ಧೂಳು ಊದುತ್ತಿದ್ದೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಈ ಕೋಣೆಯಲ್ಲಿ ಕೂತು, ಪರದೆಯ ಮೇಲಿನ ಮರ ತೋರಿಸಿ ಇದು ದೇವದಾರು, ಎಲೆ ತಪ್ಪಾಗಿ ಬಿಡಿಸಿದ್ದಾರೆ ಎನ್ನುತ್ತಿದ್ದೆ. ನನಗಾಗ ಕಾರ್ಡಿನ ಮಾತೇ ಬೇರೆಯಾಗಿ ಕೇಳಿಸಿತು. ನಿನ್ನನ್ನು ಕೂಡಿಹಾಕುವ ಬೋನು ಕಬ್ಬಿಣದ್ದಿರಲೋ ಹಿತ್ತಾಳೆಯದ್ದಿರಲೋ ಎಂದು ನನ್ನನ್ನೇ ಕೇಳುತ್ತಿದ್ದರು, ನಾನು ಸರಳುಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದೆ.

“ಎರಡೂ ಬೇಡ ಭಾವ” ಎಂದುಬಿಟ್ಟೆ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರೆದುರು ಬೇಡ ಎಂದದ್ದು ಅದೇ ಮೊದಲು. ಕುಕ್ ಪಾಪ, ತಂತಿ ಸುತ್ತುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ. ದೊಡ್ಡಪ್ಪ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಕ್ಕರು. “ನಿನ್ನ ಕೇಳಿದ್ದು ಕಾರ್ಡಿನ ವಿಷಯ ಕಣಮ್ಮ, ಮನೆತನದ ವಿಷಯ ಅಲ್ಲ. ಗಲ್ಲಾದಲ್ಲಿ ಯಾರು ಕೂರ್ತಾರೆ ಅನ್ನೋದನ್ನ ಇನ್‌ಹೋನ ಬಾಯಿಂದಲೇ ಕೇಳ್ತೀನಿ. ಅವನು ನಿನ್ನ ಹಾಗಲ್ಲ, ದೊಡ್ಡವರ ಮಾತು ತೆಗೆದುಹಾಕೋನಲ್ಲ” ಎಂದು ಕೋಟು ತೊಟ್ಟು ಹೊರಟರು. ಎರಡು ಕಾರ್ಡುಗಳೂ ಇಲ್ಲೇ ಇವೆ. ಪ್ಯೊನ್ ಈಗ ಒಂಬತ್ತನೇ ಕುರ್ಚಿ ಬಿಟ್ಟು ಏಳುತ್ತಿಲ್ಲ, ಗೆದ್ದಾಗಲೆಲ್ಲ ಕೇಕೆ ಹಾಕುತ್ತಾನೆ.

ಚಳಿ ಶುರುವಾಗಿದೆ, ಒಳಗಿನ ಬನಿಯನ್ ಬಿಡಬೇಡ. ಪಕ್ಕದ ಹಾಸಿಗೆಯ ಹುಡುಗ ರಾತ್ರಿ ಅಳುತ್ತಾನೆ ಎಂದು ಬರೆದಿದ್ದೆಯಲ್ಲ, ಅವನ ಜೊತೆ ನಾಲ್ಕು ಮಾತಾಡು. ಚಿಕ್ಕಮ್ಮ ನಿನ್ನನ್ನು ಕೇಳಿದಳು ಎಂದು ತಿಳಿಸಲು ಹೇಳಿದ್ದಾಳೆ. ಎಲ್ಲಿದ್ದರೂ ನಿನ್ನ ನೆತ್ತಿ ತಂಪಾಗಿರಲಿ, ಮಗನೆ.

ನಿನ್ನ ಅಮ್ಮ,
ಓಕ್‌ಬುನ್

ಮರೆತ ಮಾತು: ಪತ್ರ ಅಂಟಿಸಿ ಮತ್ತೆ ಬಿಚ್ಚಿದೆ. ಮುಂದಿನ ಬುಧವಾರ ತರಬೇತಿ ಮುಗಿಯುವ ನಿಮ್ಮ ಕವಾಯತಿಗೆ ದೊಡ್ಡಪ್ಪ ಹುರಿದ ಕೋಳಿ ಹಿಡಿದುಕೊಂಡು ಬರುತ್ತಾರೆ. ನಿನ್ನ ಹೆಗಲ ಮೇಲೆ ಕೈಯಿಟ್ಟು, ಅಪ್ಪನ ಹೆಸರೆತ್ತಿ, ಅಂಗಡಿ ನೋಡ್ಕೋತೀಯಲ್ಲ ಎಂದು ಕೇಳುತ್ತಾರೆ. ಬೇಡ ಅನ್ನು. ಅಮ್ಮ ಒಬ್ಬಳೇ ಎಂದು ಹೂಂ ಅನ್ನಬೇಡ, ಕೋಳಿ ತಿಂದು ಬೇಡ ಅನ್ನು. ಅಂಗಡಿ ಬಿಟ್ಟು ನನಗೆ ಬರಲಾಗುವುದಿಲ್ಲ ಎಂದು ಅವರ ನಂಬಿಕೆ. ನಾನೂ ಬರುತ್ತೇನೆ. ಹಗಲೂ ರಾತ್ರಿ ತೆರೆದೇ ಇರುವ ಈ ಬಾಗಿಲಿಗೆ ಬೀಗವೇ ಇಲ್ಲ ಎಂಬುದು ಹುಡುಕಿದ ಮೇಲೆ ಗೊತ್ತಾಯಿತು. ಅಂಚೆ ಹಾಕಿ, ಹಾಗೇ ಒಂದು ಬೀಗ ಕೊಂಡು ಬರುತ್ತೇನೆ.