ಹೊಂಗಾರೆಯ ಗಂಟು ಒಡೆಯುವ ವಾರ

ಮಣಿಪಾಲ
ನವೆಂಬರ್ 16, ಭಾನುವಾರ

ಅಶ್ವಿನಿಗೆ ಆಶೀರ್ವಾದಗಳು.

ಇನ್ನಂಜೆಯಿಂದ ತಂದ ಹುಳದ ಪೆಟ್ಟಿಗೆಯಿಂದಲೂ ಬರಬೇಕಾದವನು ಬರಲಿಲ್ಲ. ಇನ್ನು ಉಳಿದಿರುವುದು ಶಂಕರಪುರದ ಪೆಟ್ಟಿಗೆ ಒಂದೇ. ಅದರ ಮುಂದೆ ಕೂತೇ ಇದನ್ನು ಬರೆಯುತ್ತಿದ್ದೇನೆ. ‘ಮದ್ವಿಗೆ ಬರ್ತೀರೋ ಇಲ್ಲೋ, ಒಂದ್ ಮಾತು ಹೇಳ್ರಿ’ ಎಂದು ನೀನು ಫೋನಿನಲ್ಲಿ ಕೇಳಿ ಬಹಳ ದಿನವಾಯಿತು. ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಹೋದರೆ ನಾನು ತಮಾಷೆ ಮಾಡುತ್ತೇನೆ, ನೀನು ನಗುತ್ತೀಯ, ಅಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನ ಅಕ್ಷರ ಓದುವುದು ಕಷ್ಟ. ಆದರೆ ಕಾಗದದ ಮೇಲೆ ನನಗೆ ತಮಾಷೆ ಸ್ವಲ್ಪ ಕಡಿಮೆ ಬರುತ್ತದೆ.

ಮದುವೆಗೆ ಬರಲು ಆಗಲಿಕ್ಕಿಲ್ಲ. ನಿನ್ನ ಮದುವೆಯ ವಾರವೇ ಈ ಪೆಟ್ಟಿಗೆಯ ಗಂಟುಗಳು ಒಡೆಯುತ್ತವೆ.

ಬೀಗರು ‘ಇದೇನ್ ಹುಳದ ಕೆಲಸ’ ಎಂದು ಕೇಳಿದರೆ ನೀನು ಪೇಚಾಡಬಾರದು, ಅದಕ್ಕೆ ವಿವರವಾಗಿ ಬರೆಯುತ್ತೇನೆ. ಹೊಂಗಾರೆ ಎಂದರೆ ಕೆಂಪು ಹೂವಿನ ಮುಳ್ಳಿನ ಮರ. ಇಲ್ಲಿಯವರು ಅದರ ಗೂಟ ನೆಟ್ಟು ಬೇಲಿ ಮಾಡುತ್ತಾರೆ, ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣ ಕಣಜ ಬಂದು ಅದರ ಎಳೆ ಎಲೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಎಲೆ ಊದಿ ಗಂಟುಗಂಟಾಗುತ್ತದೆ. ಒಳಗಿನ ಮರಿಗೆ ಆ ಗಂಟೇ ಮನೆ, ಆ ಗಂಟೇ ಊಟ. ಮರ ಮಾತ್ರ ಸೊರಗುತ್ತದೆ. ಆಮೇಲೆ ಇನ್ನೊಂದು ಜಾತಿಯ ಕಣಜ ಬರುತ್ತದೆ. ಅದು ಗಂಟಿಗೆ ಹೊರಗಿನಿಂದ ಸೂಜಿ ಹಾಕಿ, ಒಳಗಿರುವ ಮರಿಯ ಪಕ್ಕದಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿ ಮನೆಯವನನ್ನೇ ತಿಂದು, ದೊಡ್ಡದಾಗಿ, ಗೋಡೆ ಕೊರೆದು ಹೊರಗೆ ಬರುತ್ತದೆ. ಅವನಿಗೆ ನಾನು ಮನೆಯಳಿಯ ಎಂದು ಹೆಸರಿಟ್ಟಿದ್ದೇನೆ. ನರ್ಮದಾ ಮೇಡಂ ಮೊದಲು ನಕ್ಕರು, ಈಗ ಅವರೇ ಬೆಳಿಗ್ಗೆ ಎದ್ದು ‘ಅಳಿಯ ಬಂದನಾ?’ ಎಂದು ಕೇಳುತ್ತಾರೆ.

ಈ ಮೇಡಂ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಟ್ಟಡದ ಕೆಲಸದಲ್ಲಿ ನನ್ನ ಸೊಂಟ ಹೋದ ಮೇಲೆ ಮನೆಯ ಹಿಂದಿನ ಕೋಣೆ ಕೊಟ್ಟು, ಈ ಕೆಲಸಕ್ಕೆ ಇಟ್ಟುಕೊಂಡವರು. ಅಳಿಯ ನಮ್ಮ ಕಡೆಯ ಬೇಲಿಗಳಲ್ಲೇ ಇದ್ದಾನೆ ಎಂದು ಗೊತ್ತಾದರೆ ವಿಷ ಹೊಡೆಯದೆ ಮರ ಉಳಿಸಬಹುದು ಎನ್ನುವುದು ಅವರ ಆಸೆ. ಹಾಗಾಗಿ ಇಲ್ಲಿ ಮನೆ ಕಟ್ಟಿದವನಿಗೆ ಬೆಲೆಯಿಲ್ಲ, ಅವನು ಹೊರಗೆ ಬಂದರೆ ಮೇಡಂ ಮುಖ ಸಪ್ಪಗಾಗುತ್ತದೆ.

ಕಾರ್ಕಳದಲ್ಲಿ ಕೊಯ್ದ ಗಂಟುಗಳನ್ನು ತುಂಬಿಟ್ಟ ಮೊದಲ ಪೆಟ್ಟಿಗೆಯನ್ನು ಕೆಡಿಸಿದವನು ನಾನೇ. ಮುಚ್ಚಳ ತೆಗೆದರೆ ಒಳಗೆಲ್ಲ ಬೂಷ್ಟು.

‘ಸೋಮಲಿಂಗ, ಇದಕ್ಕೆ ನೀರು ಹಾಕಿದ್ದು ಯಾರು?’

‘ನಾನೇ ರೀ ಮೇಡಂ. ಬೆಳಿಗ್ಗೆ ಸಂಜಿ ತಪ್ಪದ ಕ್ಯೂರಿಂಗ್ ಮಾಡೀನಿ.’

‘ಎಂತ ಕ್ಯೂರಿಂಗ್ ಮಾರಾಯ, ಇದೆಂತ ಸ್ಲ್ಯಾಬಾ?’

ಇಷ್ಟು ವರ್ಷ ಕಾಂಕ್ರೀಟಿಗೆ ನೀರು ಹಾಕಿದ ಕೈ. ಒಣಗಿದ್ದನ್ನು ಕಂಡರೆ ತಾನಾಗಿ ನೀರಿನ ಕೊಡದ ಕಡೆಗೆ ಹೋಗುತ್ತದೆ. ಈಗ ಕಲಿತಿದ್ದೇನೆ. ಕತ್ತಲೆ ಪೆಟ್ಟಿಗೆಗೆ ಒಂದು ತೂತು, ತೂತಿಗೆ ಗಾಜಿನ ನಳಿಗೆ. ಹುಟ್ಟಿದ ಹುಳ ಬೆಳಕು ಕಂಡು ನಳಿಗೆಗೆ ನಡೆದು ಬರುತ್ತದೆ. ನೋಡುವವರಿಲ್ಲದಿದ್ದರೆ ಅಲ್ಲೇ ಸತ್ತು ರೆಕ್ಕೆ ಅಂಟಿ, ಯಾರು ಏನು ಎಂದು ಗುರುತು ಸಿಗುವುದಿಲ್ಲ. ಆದ್ದರಿಂದ ಒಬ್ಬರು ಇರಲೇಬೇಕು.

ಶಂಕರಪುರದಲ್ಲಿ ಗಂಟು ಕೊಯ್ದದ್ದು ಬ್ಯಾಪ್ಟಿಸ್ಟ್ ಎನ್ನುವವರ ಮಲ್ಲಿಗೆ ತೋಟದ ಬೇಲಿಯಲ್ಲಿ. ‘ಒಳಗೆ ಇಷ್ಟು ಚಂದದ ಹೂವು ಉಂಟು, ನೀವು ಬೇಲಿಯ ರೋಗ ಕೊಯ್ದುಕೊಂಡು ಹೋಗ್ತೀರಲ್ಲ’ ಎಂದು ಅವರು ನಗುತ್ತಿದ್ದರು. ಮಗಳ ಮದುವೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ‘ಹೌದಾ? ಹಾಗಾದರೆ ಒಂದು ಅಟ್ಟೆ ಮಲ್ಲಿಗೆ ನನ್ನದು. ನೀವು ಹೊರಡುವ ದಿನ ಬೆಳಿಗ್ಗೆ ಬನ್ನಿ, ನನ್ನ ಹೆಂಡತಿ ಕಟ್ಟಿ ಇಡ್ತಾಳೆ’ ಎಂದರು. ಅಟ್ಟೆ ಎಂದರೆ ಇಲ್ಲಿಯ ಲೆಕ್ಕದಲ್ಲಿ ನಾಲ್ಕು ಚೆಂಡು ಹೂವು. ‘ಹೂವನ್ನು ಬಸ್ಸಿಗೆ ಹತ್ತಿಸಿದರೆ ಸಾಕು, ಅದಕ್ಕೆ ಟಿಕೆಟಿಲ್ಲ’ ಎಂದೆ. ‘ಹೂವಿನ ಜೊತೆ ಅಪ್ಪ ಬೇಡವಾ?’ ಎಂದು ಕೇಳಿದರು. ನಾನು ಇನ್ನೊಂದು ಗಂಟು ಕೊಯ್ದೆ.

ಉಳಿದಂತೆ ನಾನು ಚೆನ್ನಾಗಿದ್ದೇನೆ. ಕಟ್ಟಡದ ಕೆಲಸದಲ್ಲಿದ್ದಾಗ ನಮ್ಮ ಶೆಡ್ಡಿನಲ್ಲಿದ್ದ ಹುಸೇನಪ್ಪನ ಮನೆಯವರು ಪಡುಬಿದ್ರಿಯ ಕೆಲಸಕ್ಕೆ ಹೋದ ಮೇಲೆ ನಮ್ಮ ಕಡೆಯ ಮಾತಾಡುವವರು ಇಲ್ಲಿ ಯಾರೂ ಇಲ್ಲ. ಮೊನ್ನೆ ಒಬ್ಬನೇ ಕೂತು ಒಂದು ತಮಾಷೆಯ ಮಾತು ಆಡಿ, ಒಬ್ಬನೇ ನಕ್ಕು, ನಿನ್ನ ಅವ್ವ ಎಲ್ಲಿ ಎಂದು ಒಳಗೆ ನೋಡಿದೆ. ಅಂಬವ್ವ ಇದ್ದಾಗ ನನ್ನ ಮಾತಿಗೆ ಎಂದೂ ನಕ್ಕವಳಲ್ಲ. ಆದರೆ ‘ಸಾಕ್ ಸುಮ್ನಿರ್ರಿ’ ಎನ್ನುತ್ತಿದ್ದಳಲ್ಲ, ಆ ಮಾತು ಬಾರದೆ ನನ್ನ ತಮಾಷೆ ಮುಗಿಯುವುದೇ ಇಲ್ಲ.

ಅವಳು ಇದ್ದಿದ್ದರೆ ನಾವಿಬ್ಬರೂ ಜೋಡಿ ಕೂತು ನಿನ್ನನ್ನು ಧಾರೆ ಎರೆದು ಕೊಡುತ್ತಿದ್ದೆವು. ಹೆಂಡತಿ ಇಲ್ಲದವನು ಒಬ್ಬನೇ ಕೂರುವ ಹಾಗಿಲ್ಲ. ಅದಕ್ಕೇ ನಿನ್ನನ್ನು ಹೆತ್ತ ನನ್ನ ಅಣ್ಣ ಸಿದ್ದಣ್ಣ ಮತ್ತು ವೈನಿ ಕೂರಲಿ ಎಂದು ನಾನೇ ಹೂಂ ಅಂದೆ. ನೀನು ಅಂಬೆಗಾಲಿಡುವಾಗ ನಿನ್ನನ್ನು ನಮ್ಮ ಮಡಿಲಿಗೆ ಹಾಕಿದ ಜೀವಗಳು ಅವು. ಅಣ್ಣ ಅಷ್ಟು ದೊಡ್ಡ ಮನಸ್ಸು ಮಾಡದಿದ್ದರೆ ನಮ್ಮ ಮನೆಯಲ್ಲಿ ಮಗುವಿನ ದನಿಯೇ ಇರುತ್ತಿರಲಿಲ್ಲ. ಅವರು ಕೂರುವುದರಲ್ಲಿ ನನಗೆ ಬೇಸರವಿಲ್ಲ. ಇದು ನಿಜ.

ಮದುವೆಯ ಗದ್ದಲದಲ್ಲಿ ಊಟ ಬಿಡಬೇಡ. ನಿನ್ನ ಗಂಡ ಬಹಳ ಗಂಭೀರ ಸ್ವಭಾವದವನ ಹಾಗೆ ಕಾಣುತ್ತಾನೆ, ನಿಧಾನಕ್ಕೆ ನಗಲು ಕಲಿಸು. ಒಂದೇ ದಿನದಲ್ಲಿ ಕಲಿಸಲು ಹೋಗಬೇಡ, ಹುಡುಗ ಹೆದರಿಯಾನು. ನಿನ್ನ ಅಡಿಗೆಮನೆ ಬೆಚ್ಚಗಿರಲಿ, ನಿನ್ನ ಮಾತಿಗೆ ಆ ಮನೆಯಲ್ಲಿ ಕಿವಿ ಇರಲಿ.

ಸೋಮಲಿಂಗ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಉಳಿದುಹೋಗಿದೆ. ಮೇಡಂ ರಜೆ ಕೊಟ್ಟು ವಾರವಾಯಿತು. ‘ಪೆಟ್ಟಿಗೆ ನಾನು ನೋಡಿಕೊಳ್ತೇನೆ, ನನಗೂ ಕಣ್ಣುಂಟು. ಮಗಳ ಮದುವೆಗಿಂತ ಹುಳ ದೊಡ್ಡದಾ?’ ಎಂದು ಬೈದೂ ಆಯಿತು.

ಬೀಗರು ಬಂದ ದಿನ ನೀನು ವಿಡಿಯೋ ಕರೆ ಮಾಡಿದ್ದೆ. ಫೋನನ್ನು ನಿನ್ನ ಅತ್ತೆಯ ಕಡೆ ತಿರುಗಿಸಿ, ‘ಇವ್ರು ನಮ್ಮ ಕಾಕಾ ರೀ, ಮಣಿಪಾಲದಾಗ ಇರ್ತಾರ’ ಎಂದೆ. ನಾನು ಕೈ ಮುಗಿದು, ‘ಹೂಂ ರೀ, ಕಾಕಾ. ಮದ್ವ್ಯಾಗ ಬಡಸಾಕ ಒಬ್ಬ ಆಳು ಸಿಕ್ಕ ಅಂತ ತಿಳಕೊಳ್ರಿ’ ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ.

ಇಬ್ಬರು ಅಪ್ಪಂದಿರು ಎಂದರೆ ಗಂಡಿನವರಿಗೆ ಗೊಂದಲ, ಹೀಗೆ ಹೇಳು ಎಂದು ಯಾರೋ ಹೇಳಿಕೊಟ್ಟಿರಬಹುದು. ಹೇಳಿಕೊಟ್ಟದ್ದಾದರೆ ಸರಿಯಾಗಿಯೇ ಹೇಳಿದೆ, ನಿನ್ನ ನಾಲಿಗೆ ಎಲ್ಲೂ ತಡವರಿಸಲಿಲ್ಲ.

ನಾನು ಬರುತ್ತೇನೆ. ಬಡಿಸುತ್ತೇನೆ, ನೀರು ಹೊರುತ್ತೇನೆ, ಯಾರು ಕೇಳಿದರೂ ಕಾಕಾ ಎಂದೇ ಹೇಳುತ್ತೇನೆ. ಬೀಗರ ಮುಂದೆ ನನಗೆ ಏನೂ ಬೇಡ. ಬಸ್ಸಿಳಿದಾಗ ನೀನೊಬ್ಬಳೇ ಬಂದು, ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ, ಒಂದು ಸಲ ‘ಯಪ್ಪಾ’ ಅನ್ನು. ಅದೂ ಕಷ್ಟ ಅನ್ನಿಸಿದರೆ ಫೋನು ಮಾಡಿ ‘ಬರಬ್ಯಾಡ್ರಿ’ ಎಂದುಬಿಡು, ಬೀಗರಿಗೆ ಹೇಳಲು ಹುಳದ ನೆಪ ಇದ್ದೇ ಇದೆ. ನಾನು ಏನನ್ನೂ ಕೇಳುವುದಿಲ್ಲ, ಆ ದಿನ ಇಲ್ಲೇ ಪೆಟ್ಟಿಗೆಯ ಮುಂದೆ…

ಮೇಡಂ ಕರೆಯುತ್ತಿದ್ದಾರೆ. ‘ಸೋಮಲಿಂಗ, ಎಷ್ಟು ಸಲ ಕರೆಯುದು, ಸಾರು ತಣ್ಣಗಾಗ್ತದೆ, ಊಟಕ್ಕೆ ಬಾ ಮಾರಾಯ.’