ನೀರೊಳಗಿನ ಒಂಬತ್ತು ಗೂಟ

ಅಪ್ಪಾ,

ನಿನ್ನ ಬುದ್ಧಿವಂತಿಕೆಗೆ ಒಂದು ದೊಡ್ಡ ನಮಸ್ಕಾರ. ನೀನು ತೀರಿಹೋದ ಮೇಲೆ ಇದೇ ಮೊದಲ ಬೇಸಿಗೆ. ಕೊಳದ ನೀರು ಎದೆಮಟ್ಟಕ್ಕೆ ಇಳಿದಿತ್ತು, ಬೆಳಿಗ್ಗೆ ಬಲೆ ಬಿಟ್ಟೆವು. ಅರ್ಧ ಎಳೆಯುವಷ್ಟರಲ್ಲಿ ಪರ್ರನೆ ಹರಿಯಿತು. ಮೀನುಗಳ್ಳರ ಬಲೆ ಹರಿಯಲೆಂದು ನೀನು ನೀರೊಳಗೆ ಹುಗಿದಿದ್ದ ಒಂಬತ್ತು ಗೂಟಗಳು ನಮ್ಮ ಬಲೆಯನ್ನೇ ಹರಿದವು. ಎಲ್ಲೆಲ್ಲಿವೆ ಎಂದು ಒಂದು ಚೀಟಿಯಲ್ಲಿ ಗೀಚಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಚಿಕ್ಕಪ್ಪನಿಗೆ ಹೇಳಿರುತ್ತೀಯ, ಅವನು ಕೀಳಿಸಿರುತ್ತಾನೆ ಎಂದುಕೊಂಡಿದ್ದೆ.

ಮೀನೆಲ್ಲ ತೂತಿನಿಂದ ಆಚೆ ಹೋದವು. ಚಿಕ್ಕಪ್ಪ ಕೆಸರು ಮೆತ್ತಿದ ಕೈಯನ್ನು ಸೊಂಟದ ಮೇಲಿಟ್ಟು ನನ್ನನ್ನೇ ನೋಡಿದ.

"ಗೂಟ ಕೀಳಿಸೋಕೆ ಏನಾಗಿತ್ತು ನಿಂಗೆ?"

"ಎಲ್ಲಿವೆ ಅಂತ ನಂಗೇನು ಗೊತ್ತು?"

"ಗೊತ್ತಿಲ್ವಾ? ಮಗಳನ್ನ ತೆಪ್ಪದಲ್ಲಿ ಕೂರಿಸ್ಕೊಂಡು ಒಂದೊಂದೂ ತೋರಿಸಿದ್ದೀನಿ ಅಂತ ಅಣ್ಣ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ತಿದ್ದ."

ಪ್ರತಿ ಬೇಸಿಗೆಯಲ್ಲೂ ನೀನು ಕರೆಯುತ್ತಿದ್ದೆ, "ಬಾ, ಅರ್ಧ ಗಂಟೆ ಸಾಕು" ಎಂದು. ನಾನು ಒಂದು ಸಲವೂ ಬರಲಿಲ್ಲ, ಏನೆನ್ನುತ್ತಿದ್ದೆ ಎಂದು ನಿನಗೆ ಗೊತ್ತು. ಅದನ್ನೇ ಎಲ್ಲರಿಗೂ ಹೇಳುವುದು ಬಿಟ್ಟು, ಇಂಥ ಸುಳ್ಳು ಹೇಳೆಂದು ನಿನಗೆ ಹೇಳಿದವರಾದರೂ ಯಾರು?

ಚಿಕ್ಕಪ್ಪ ಇನ್ನೂ ನೋಡುತ್ತಲೇ ಇದ್ದ.

"ಅಪ್ಪ ತೋರಿಸಿದ್ದ, ಚಿಕ್ಕಪ್ಪ," ಎಂದೆ. "ನಾನೇ ಮರೆತುಬಿಟ್ಟೆ."