ಸ್ಕ್ರೀನ್ ಮೇಲೆ ೨೪–೨೪

ಭಾನುವಾರ, ೯ ಫೆಬ್ರವರಿ

ನಮ್ಮೂರ ಆಟಗಳಿಗೆ ಸ್ಕೋರ್ ಬರೆಯುವ ಪೆದ್ದಣ್ಣನ ಹಲ್ಲು ಉದುರಿದ್ದು ನನ್ನಿಂದ.

ಮಿಡಿಗೇಶಿ ಕಬಡ್ಡಿ ಫೈನಲ್‌ಗೆ ಸ್ಕೋರ್ ಆ್ಯಪ್ ಮಾಡಿದ್ದು ನಾನೇ. ಡೇಟಾಬೇಸ್‌ನ ಒಂದೇ ಟೇಬಲ್‌ನ ಕಾಲಮ್‌ಗಳನ್ನು ಗುಂಪು ಮಾಡಿ ಕೋಡ್‌ನ ಎರಡು ಆಬ್ಜೆಕ್ಟ್ ಒಳಗಿಟ್ಟೆ: ನಮ್ಮೂರ ತಂಡ, ಶಿರಾ ತಂಡ. ಕೋಡನ್ನು ಟೇಬಲ್‌ಗೆ ತಾನೇ ಜೋಡಿಸುವ ಓಆರ್‌ಎಂ ಅಂದರೆ ಮ್ಯಾಜಿಕ್ ಅಂತ ಕೋಡಿಂಗ್ ಗೆಳೆಯರ ವಾಟ್ಸಾಪ್ ಗ್ರೂಪ್‌ನಲ್ಲಿ ಕೊಚ್ಚಿಕೊಂಡೆ.

"ಎರಡರ ಕಾಲಮ್ ಹೆಸರಿಗೂ ಬೇರೆ ಬೇರೆ ಪ್ರಿಫಿಕ್ಸ್ ಹಾಕು ಗುರು, ಇಲ್ಲಾಂದ್ರೆ ಎರಡೂ ಒಂದೇ ಕಾಲಮ್‌ಗೆ ಹೋಗಿ ಬೀಳ್ತವೆ" ಅಂತ ಅದೇ ಗ್ರೂಪ್‌ನ ಅನುಪಮಾ ಬರೆದಿದ್ದಳು. ನಗುವ ಇಮೋಜಿ ಹಾಕಿ ಸುಮ್ಮನಾದೆ.

ಆಟ ಮುಗಿದಾಗ ಪೆದ್ದಣ್ಣನ ಪುಸ್ತಕದಲ್ಲಿ ಶಿರಾ ೩೧, ನಾವು ೨೪. ಅದನ್ನೇ ನೋಡಿ ಆ್ಯಪ್‌ಗೆ ಹಾಕಿದೆ. ಸ್ಕ್ರೀನ್ ಮೇಲೆ ಬಂದಿದ್ದು ೨೪–೨೪.

"ಕಂಪ್ಯೂಟ್ರೇ ಸಮ ಅಂತೈತೆ, ನೀನ್ಯಾಕಯ್ಯಾ ನಮ್ಮುನ್ನ ಸೋಲಿಸ್ತೀಯಾ? ಶಿರಾದೋರ್ ಬಾಡೂಟ ತಿಂದ್ಯಾ?" ಅಂತ ನಮ್ಮ ಹುಡುಗರೇ ಅವನ ಮೇಲೆ ಬಿದ್ದರು. ಕುರ್ಚಿ ಎತ್ತಿ ಬಡಿದರು. ಕೆಳಗೆ ಬಿದ್ದವನ ಬಾಯಿಗೆ ಒದ್ದರು, ರಕ್ತ ಕಂಡ ಮೇಲೂ ಒದ್ದರು. ಪುಸ್ತಕ ಹರಿದು ಎಸೆದರು. ತಪ್ಪು ಎಲ್ಲಿದೆ ಅಂತ ನನಗೆ ಆಗಲೇ ಹೊಳೆದಿತ್ತು: ಪ್ರಿಫಿಕ್ಸ್ ಇಲ್ಲದೆ ಎರಡೂ ಒಂದೇ ಕಾಲಮ್‌ಗೆ ಹೋಗಿ, ಶಿರಾದ ೩೧ನ್ನು ಅಳಿಸಿ ನಮ್ಮ ೨೪ ಕೂತಿತ್ತು. ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತಿದ್ದೆ.

ಮಧುಗಿರಿ ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡ ಪೆದ್ದಣ್ಣ ನನ್ನ ಕೈ ಹಿಡಿದುಕೊಂಡ. "ನಿನ್ ಕಂಪ್ಯೂಟ್ರು ಸುಳ್ಳು ಹೇಳಲ್ಲ ಕಣ್ಲಾ. ವಯಸ್ಸಾಯ್ತು ನಂಗೆ, ಎಲ್ಲೋ ತಪ್ಪು ಬರ್ದ್‌ಬುಟ್ಟೆ, ಅಲ್ವಾ?"

ಹೂಂ ಅಂದೆ.